ಕರೆಂಟ್ ಬಂತು, ಸರ್ವರ್ ಎದ್ದಿತೇ?

ಏಪ್ರಿಲ್, ಮೇ ತಿಂಗಳಲ್ಲಿ ಮೈಸೂರಿಗೆ ಬರುವ ಮಳೆ ಗಾಳಿಯನ್ನು ಕಟ್ಟಿಕೊಂಡೇ ಬರುತ್ತದೆ. ಎಲ್ಲೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಬಡಾವಣೆಗೆ ಬಡಾವಣೆಯೇ ಕತ್ತಲು. ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್‌ಗಳು ಮಳೆಯಲ್ಲೇ ಕಂಬ ಹತ್ತಿ ದುರಸ್ತಿ ಮಾಡುತ್ತಾರೆ. ನಡುರಾತ್ರಿಗೋ ಬೆಳಗಿನ ಜಾವಕ್ಕೋ ಕರೆಂಟ್ ಬರುತ್ತದೆ. ಮನೆಯ ಫ್ಯಾನು, ಫ್ರಿಜ್ಜು, ಬೀದಿ ದೀಪ ಎಲ್ಲವೂ ತಮ್ಮ ಪಾಡಿಗೆ ತಾವು ಕೆಲಸಕ್ಕೆ ಹತ್ತುತ್ತವೆ. ಕಾಲೇಜಿನ ಲ್ಯಾಬ್‌ನಲ್ಲೋ ನರ್ಸಿಂಗ್ ಹೋಮಿನ ಕೌಂಟರ್ ಹಿಂದೆಯೋ ಇರುವ ಲಿನಕ್ಸ್ ಸರ್ವರ್‌ನ ವಿಷಯ ಹಾಗಲ್ಲ. ಯಂತ್ರಕ್ಕೆ ಕರೆಂಟ್ ಬಂದಿರುತ್ತದೆ, ಹಸಿರು ದೀಪ ಮಿನುಗುತ್ತಿರುತ್ತದೆ. ಒಳಗೆ ನಡೆಯಬೇಕಾದ ಅಪ್ಲಿಕೇಶನ್ ಮಾತ್ರ ಎದ್ದಿರುವುದಿಲ್ಲ. ಬೆಳಿಗ್ಗೆ ಬಂದವರಿಗೆ ‘ಸರ್ವರ್ ಡೌನ್ ಇದೆ, ಆಮೇಲೆ ಬನ್ನಿ’ ಎಂಬ ಉತ್ತರ ಸಿಗುತ್ತದೆ.

ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ ಅದರ ಹಿಂದೆ ಸರಿಪಡಿಸಬಹುದಾದ ಕಾರಣವೊಂದಿದೆ ಎಂದು ಯಾರಿಗೂ ಅನ್ನಿಸುವುದೇ ಇಲ್ಲ. ಬಹಳಷ್ಟು ಸಲ ಆ ಕಾರಣ ಹಾರ್ಡ್‌ವೇರ್ ಅಲ್ಲ, ವೈರಸ್ ಅಲ್ಲ, ಹ್ಯಾಕರ್‌ಗಳಂತೂ ಅಲ್ಲ. ಅಪ್ಲಿಕೇಶನ್ ಅನ್ನು ಶುರುಮಾಡುವ, ನಿಲ್ಲಿಸುವ, ನಿಲ್ಲಿಸಿ ಮತ್ತೆ ಶುರುಮಾಡುವ ನಲವತ್ತು ಐವತ್ತು ಸಾಲಿನ ಒಂದು ಚಿಕ್ಕ ಸ್ಕ್ರಿಪ್ಟ್. ಕೋಟಿಗಟ್ಟಲೆ ಜನ ಬಳಸುವ ತಂತ್ರಾಂಶಕ್ಕೆ ವರ್ಷಗಟ್ಟಲೆ ದುಡಿಯುವವರು ಈ ಸ್ಕ್ರಿಪ್ಟ್ ಅನ್ನು ಕೊನೆಯ ದಿನ, ಕೊನೆಯ ಗಂಟೆಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ.

ಮೈಸೂರಿನದೇ ಉದಾಹರಣೆ ತೆಗೆದುಕೊಂಡು ನೋಡೋಣ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ ತನ್ನ ಅಧ್ಯಾಪಕರ ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಓದಬಹುದಾದ ಡಿಜಿಟಲ್ ಭಂಡಾರವೊಂದರಲ್ಲಿ ಇರಿಸಿದೆ. ಅದಕ್ಕೆ ಬಳಸಿರುವುದು ಇಪ್ರಿಂಟ್ಸ್ ಎಂಬ ಮುಕ್ತ ತಂತ್ರಾಂಶ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ 2000ದಲ್ಲಿ ಹುಟ್ಟಿದ ಇದನ್ನು ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಬಳಕೆಗೆ ತಂದಿತ್ತು. ಒಬ್ಬ ಪ್ರಾಧ್ಯಾಪಕರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಕೂತು ಬರೆದ ಲೇಖನ ಚಾಮರಾಜನಗರದ ಪಿಎಚ್.ಡಿ. ವಿದ್ಯಾರ್ಥಿಗೆ ದುಡ್ಡಿಲ್ಲದೆ ಸಿಗುವುದು ಇಂಥ ಭಂಡಾರಗಳಿಂದ. ಹಾಗಾಗಿ ಇವು ಏಳದೆ ಮಲಗಿದರೆ ನಷ್ಟ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಪ್ರಿಂಟ್ಸ್ ಹೊರಗಿನಿಂದ ನೋಡಿದರೆ ಒಂದೇ ಜಾಲತಾಣ. ಒಳಗೆ ಮೂರು ಬೇರೆ ಬೇರೆ ಕೆಲಸಗಾರರಿದ್ದಾರೆ. ಪುಟಗಳನ್ನು ತೋರಿಸುವುದು ಅಪಾಚೆ ಎಂಬ ವೆಬ್ ಸರ್ವರ್. ಲೇಖಕರು, ಶೀರ್ಷಿಕೆ, ವರ್ಷಗಳ ದಾಖಲೆ ಇಡುವುದು ಮೈಎಸ್‌ಕ್ಯುಎಲ್ ಡೇಟಾಬೇಸ್. ಮೂರನೆಯದು ಇಂಡೆಕ್ಸರ್. ಹೊಸದಾಗಿ ಸೇರಿಸಿದ ಪಿಡಿಎಫ್ ಅನ್ನು ಬಿಚ್ಚಿ, ಅದರೊಳಗಿನ ಪದಗಳನ್ನು ಹೆಕ್ಕಿ, ಹುಡುಕಾಟಕ್ಕೆ ಸಿಗುವಂತೆ ಜೋಡಿಸಿಡುವುದು ಇದರ ಕೆಲಸ. ಹೀಗೆ ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳದೆ ಓಡುತ್ತಲೇ ಇರುವ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನವರು ಡೀಮನ್ ಅಥವಾ ಸರ್ವಿಸ್ ಎನ್ನುತ್ತಾರೆ.

ಕರೆಂಟ್ ಹೋಗಿ ಬಂದ ಮೇಲೆ ಅಪಾಚೆ ಏಳದಿದ್ದರೆ ಪುಟವೇ ತೆರೆಯುವುದಿಲ್ಲ. ಹತ್ತು ನಿಮಿಷದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ಡೇಟಾಬೇಸ್ ಏಳದಿದ್ದರೂ ಅಷ್ಟೇ. ಇಂಡೆಕ್ಸರ್ ಏಳದಿದ್ದರೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಪುಟ ತೆರೆಯುತ್ತದೆ, ಹಳೆಯ ಲೇಖನ ಸಿಗುತ್ತದೆ, ಹೊಸ ಲೇಖನ ಸೇರಿಸಿದರೆ ‘ಸೇರಿತು’ ಎಂದೂ ಬರುತ್ತದೆ. ಆ ಲೇಖನದ ಒಳಗಿನ ಪದ ಹಾಕಿ ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಸಿಗದಿದ್ದವರು ‘ಇಲ್ಲವೇನೋ’ ಎಂದುಕೊಂಡು ಹೋಗುತ್ತಾರೆ, ದೂರು ಕೊಡುವುದಿಲ್ಲ. ವಾರಗಟ್ಟಲೆ ಹೀಗೆಯೇ ನಡೆಯಬಹುದು. ಇದು ಯಾವುದೇ ಒಂದು ಸಂಸ್ಥೆಯ ಕತೆಯಲ್ಲ. ಹಿನ್ನೆಲೆ ಕೆಲಸಗಾರನಿರುವ ಪ್ರತಿಯೊಂದು ಅಪ್ಲಿಕೇಶನ್‌ಗೂ ಕಾದಿರುವ ತೊಂದರೆ.

ಇಂಡೆಕ್ಸರ್ ಯಾಕೆ ಏಳುವುದಿಲ್ಲ? ಇಲ್ಲಿದೆ ಸ್ವಾರಸ್ಯ. ಲಿನಕ್ಸ್‌ನಲ್ಲಿ ಓಡುವ ಪ್ರತಿ ಪ್ರೋಗ್ರಾಮ್‌ಗೂ ಒಂದು ಕ್ರಮಸಂಖ್ಯೆ ಇರುತ್ತದೆ, ಅದು ಪಿಐಡಿ. ಹಳೆಯ ಕಾಲದಿಂದ ಬಂದ ಪದ್ಧತಿಯಂತೆ, ಡೀಮನ್ ಶುರುವಾದ ಕೂಡಲೇ ತನ್ನ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ನಿಲ್ಲುವಾಗ ಆ ಫೈಲನ್ನು ಅಳಿಸುತ್ತದೆ. ಸ್ಟಾರ್ಟ್ ಸ್ಕ್ರಿಪ್ಟ್ ಮೊದಲು ಆ ಫೈಲ್ ಇದೆಯೇ ಎಂದು ನೋಡುತ್ತದೆ. ಇದ್ದರೆ ‘ಈಗಾಗಲೇ ಓಡುತ್ತಿದೆ’ ಎಂದು ಹೇಳಿ ಸುಮ್ಮನಾಗುತ್ತದೆ. ಒಂದೇ ಕೆಲಸಕ್ಕೆ ಇಬ್ಬರು ಕೈಹಾಕಬಾರದೆಂಬ ಒಳ್ಳೆಯ ಉದ್ದೇಶವೇ ಇದು. ಆದರೆ ಕರೆಂಟ್ ಹಠಾತ್ತನೆ ಹೋದಾಗ ಅಳಿಸುವುದಕ್ಕೆ ಯಾರಿಗೂ ಸಮಯವಿರುವುದಿಲ್ಲ. ಫೈಲು ಡಿಸ್ಕಿನ ಮೇಲೆ ಉಳಿದುಬಿಡುತ್ತದೆ. ಯಂತ್ರ ಮತ್ತೆ ಎದ್ದಾಗ ಸ್ಕ್ರಿಪ್ಟ್ ಆ ಹಳೆಯ ಚೀಟಿಯನ್ನು ನಂಬಿ, ಸತ್ತವನು ಬದುಕಿದ್ದಾನೆಂದು ವರದಿ ಕೊಡುತ್ತದೆ.

ಸ್ವಲ್ಪ ಜಾಣ ಸ್ಕ್ರಿಪ್ಟ್‌ಗಳು ಫೈಲಿನಲ್ಲಿರುವ ಸಂಖ್ಯೆ ಹೊತ್ತ ಪ್ರೋಗ್ರಾಮ್ ನಿಜವಾಗಿ ಇದೆಯೇ ಎಂದು ಪರೀಕ್ಷಿಸುತ್ತವೆ. ಅದೂ ಸಾಲದು. ಯಂತ್ರ ಎದ್ದಾಗಲೆಲ್ಲ ಸರ್ವಿಸ್‌ಗಳು ಹೆಚ್ಚುಕಡಿಮೆ ಅದೇ ಸರದಿಯಲ್ಲಿ ಶುರುವಾಗುತ್ತವೆ. ಸಂಖ್ಯೆಗಳು ಮತ್ತೆ ಒಂದರಿಂದ ಎಣಿಕೆಯಾಗುತ್ತವೆ. ಹಾಗಾಗಿ ನಿನ್ನೆ ಇಂಡೆಕ್ಸರ್‌ಗೆ ಸಿಕ್ಕಿದ್ದ ಸಂಖ್ಯೆ ಇಂದು ಬೇರಾವುದೋ ಸರ್ವಿಸ್‌ಗೆ ಸಿಕ್ಕಿರುವ ಸಂಭವ ನಾವು ಎಣಿಸುವುದಕ್ಕಿಂತ ಹೆಚ್ಚು. ಹಾಗೆ ಸಿಕ್ಕಿದ್ದರೆ ಸ್ಟಾರ್ಟ್ ಮಾಡಲು ಹೋದವರಿಗೆ ‘ಓಡುತ್ತಿದೆ’ ಎಂಬ ಸುಳ್ಳು ಸಿಗುತ್ತದೆ. ಸ್ಟಾಪ್ ಮಾಡಲು ಹೋದರೆ ಇನ್ನೂ ಕೆಟ್ಟದು, ಯಾವ ಪಾಪವನ್ನೂ ಮಾಡದ ಇನ್ನೊಂದು ಸರ್ವಿಸ್ ಸಾಯುತ್ತದೆ.

ಇಪ್ರಿಂಟ್ಸ್ ಬರೆದವರು ಈ ಅಪಾಯವನ್ನು ಬಲ್ಲವರು. ಅವರ ಇಂಡೆಕ್ಸರ್ ಪಿಐಡಿ ಫೈಲಿನ ಜೊತೆಗೆ ‘ಟಿಕ್’ ಎಂಬ ಇನ್ನೊಂದು ಫೈಲನ್ನೂ ಇಟ್ಟುಕೊಂಡು, ಆಗಾಗ ಅದನ್ನು ಮುಟ್ಟಿ ಅದರ ಸಮಯವನ್ನು ಹೊಸದು ಮಾಡುತ್ತಿರುತ್ತದೆ. ಟಿಕ್ ಹಳತಾಗಿದ್ದರೆ ಇಂಡೆಕ್ಸರ್ ಸತ್ತಿದೆ ಅಥವಾ ಎಲ್ಲೋ ಸಿಕ್ಕಿಕೊಂಡಿದೆ ಎಂದು ಅರ್ಥ. ಬದುಕಿರುವುದೊಂದೇ ಅಲ್ಲ, ಕೆಲಸ ಮಾಡುತ್ತಿರುವುದನ್ನೂ ಇದು ಹೇಳುತ್ತದೆ. ನನಗೆ ಇದು ತುಂಬ ಮೆಚ್ಚಿಗೆಯಾದ ಉಪಾಯ. ಆದರೆ ಈ ಟಿಕ್ ಅನ್ನು ಯಾರಾದರೂ ನೋಡಬೇಕಲ್ಲ! ನೋಡುವ ಸ್ಕ್ರಿಪ್ಟ್ ಬರೆಯದಿದ್ದರೆ ಅದು ಇದ್ದೂ ಇಲ್ಲದಂತೆ.

ಇನ್ನೂ ಗಟ್ಟಿಯಾದ ದಾರಿಯೊಂದಿದೆ. ಫೈಲಿನಲ್ಲಿ ಸಂಖ್ಯೆ ಬರೆದಿಡುವ ಬದಲು ಆ ಫೈಲಿಗೆ ಬೀಗ ಹಾಕಿಕೊಳ್ಳುವುದು. ಲಿನಕ್ಸ್‌ನಲ್ಲಿ ಎಫ್‌ಲಾಕ್ ಎಂಬ ಸಣ್ಣ ಸಾಧನ ಈ ಕೆಲಸ ಮಾಡುತ್ತದೆ. ಬೀಗವನ್ನು ಹಿಡಿದಿರುವುದು ಡಿಸ್ಕ್ ಅಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್. ಪ್ರೋಗ್ರಾಮ್ ಹೇಗೇ ಸಾಯಲಿ, ಕರೆಂಟೇ ಹೋಗಲಿ, ಬೀಗ ತಾನಾಗಿ ಬಿಟ್ಟುಹೋಗುತ್ತದೆ. ಹಳೆಯ ಚೀಟಿಯ ಭೂತ ಕಾಡುವುದಿಲ್ಲ.

ಸ್ಟಾರ್ಟ್‌ನಷ್ಟೇ ತೊಡಕು ರೀಸ್ಟಾರ್ಟ್‌ನಲ್ಲಿದೆ. ನಮ್ಮಲ್ಲಿ ಯಾವ ತೊಂದರೆಗೂ ಮೊದಲ ಮದ್ದು ‘ಒಂದ್ಸಲ ರೀಸ್ಟಾರ್ಟ್ ಮಾಡಿ ಸರ್’. ಬಹಳ ಸ್ಕ್ರಿಪ್ಟ್‌ಗಳಲ್ಲಿ ರೀಸ್ಟಾರ್ಟ್ ಎಂದರೆ ಸ್ಟಾಪ್ ಒಂದು ಸಾಲು, ಸ್ಟಾರ್ಟ್ ಇನ್ನೊಂದು ಸಾಲು. ನಡುವೆ ಏನೂ ಇಲ್ಲ. ಹಳೆಯದು ತನ್ನ ಕೆಲಸ ಮುಗಿಸಿ ಪೋರ್ಟ್ ಬಿಟ್ಟುಕೊಡುವ ಮೊದಲೇ ಹೊಸದು ಬಂದು ಬಾಗಿಲು ತಟ್ಟುತ್ತದೆ, ಜಾಗವಿಲ್ಲದೆ ಸಾಯುತ್ತದೆ. ಆಮೇಲೆ ಹಳೆಯದೂ ಹೋಗುತ್ತದೆ. ರೀಸ್ಟಾರ್ಟ್ ಮಾಡಿದವರಿಗೆ ಎರಡೂ ಇಲ್ಲ. ಟಾಮ್‌ಕ್ಯಾಟ್ ಎಂಬ ಸರ್ವರ್ ತಂತ್ರಾಂಶ ಬಳಸಿದವರಿಗೆ ಇದರ ಅನುಭವವಿರುತ್ತದೆ. ದೇಶದ ಪಿಎಚ್.ಡಿ. ಪ್ರಬಂಧಗಳ ಶೋಧಗಂಗಾ ಭಂಡಾರ ಡಿಸ್ಪೇಸ್ ತಂತ್ರಾಂಶದಲ್ಲಿ ನಡೆಯುತ್ತದೆ. ಡಿಸ್ಪೇಸ್ ಬಹುಕಾಲ ಓಡಿದ್ದು ಟಾಮ್‌ಕ್ಯಾಟ್ ಮೇಲೆ. ಟಾಮ್‌ಕ್ಯಾಟ್‌ನ ಶಟ್‌ಡೌನ್ ಸ್ಕ್ರಿಪ್ಟ್ 8005ನೇ ಪೋರ್ಟಿಗೆ ‘ನಿಲ್ಲು’ ಎಂದು ಒಂದು ಪದ ಕಳಿಸಿ ತಾನು ಹೊರಟುಹೋಗುತ್ತದೆ; ನಿಂತಿತೋ ಇಲ್ಲವೋ ನೋಡುವುದಿಲ್ಲ. ಪಿಐಡಿ ಫೈಲ್ ಎಲ್ಲಿದೆ ಎಂದು ತಿಳಿಸಿ, ಇಷ್ಟು ಸೆಕೆಂಡ್ ಕಾಯು, ಆಗಲೂ ನಿಲ್ಲದಿದ್ದರೆ ಬಲವಂತವಾಗಿ ನಿಲ್ಲಿಸು ಎಂದು ಹೇಳುವ ಸೌಲಭ್ಯ ಅದೇ ಸ್ಕ್ರಿಪ್ಟ್ ಬಳಗದಲ್ಲಿದೆ. ಕೈಪಿಡಿ ಓದಿದವರಿಗೆ ಮಾತ್ರ ಗೊತ್ತು.

ಬಲವಂತದ ಬಗ್ಗೆ ಒಂದು ಮಾತು. ನಿಲ್ಲಿಸಲು ಸಾಮಾನ್ಯವಾಗಿ ಬಳಸುವ ಸೂಚನೆಗಳು ಎರಡು. 15ನೇ ಸೂಚನೆ ‘ಕೆಲಸ ಮುಗಿಸಿ ಹೊರಡು’ ಎನ್ನುತ್ತದೆ. 9ನೆಯದು ಏನೂ ಕೇಳದೆ ಮುಗಿಸುತ್ತದೆ. ಆತುರದಲ್ಲಿ ಎಲ್ಲದಕ್ಕೂ ‘ಕಿಲ್ -9’ ಹೊಡೆಯುವುದು ನಮ್ಮ ಹುಡುಗರಿಗೆ ಅಭ್ಯಾಸವಾಗಿದೆ. ಡೇಟಾಬೇಸ್‌ಗೆ ಅದು ಕರೆಂಟ್ ಹೋದದ್ದಕ್ಕೆ ಸಮ. ಒಳ್ಳೆಯ ಸ್ಕ್ರಿಪ್ಟ್ ಮೊದಲು 15 ಕಳಿಸಿ, ಅರ್ಧ ಅರ್ಧ ಸೆಕೆಂಡಿಗೆ ನೋಡುತ್ತ ಕಾಯುತ್ತದೆ, ಗಡುವು ಮೀರಿದರೆ ಮಾತ್ರ 9ಕ್ಕೆ ಹೋಗುತ್ತದೆ. ಹೋದದ್ದನ್ನು ಲಾಗ್‌ನಲ್ಲಿ ಬರೆದಿಡುತ್ತದೆ. ರೀಸ್ಟಾರ್ಟ್‌ಗೆ ಮುಂಚೆ ಸಂರಚನೆಯ ಫೈಲು ಸರಿಯಿದೆಯೇ ಎಂದೂ ನೋಡಬೇಕು. ಅಪಾಚೆ ಮತ್ತು ಅಂಥದ್ದೇ ವೆಬ್ ಸರ್ವರ್ ಆದ ಎನ್‌ಜಿನ್‌ಎಕ್ಸ್ ಎರಡರಲ್ಲೂ ಅದಕ್ಕೆ ಪರೀಕ್ಷಾ ಆಜ್ಞೆಗಳಿವೆ. ಒಂದು ಅರ್ಧವಿರಾಮ ತಪ್ಪಿದ ಫೈಲನ್ನು ನಂಬಿ, ಚೆನ್ನಾಗಿ ಓಡುತ್ತಿದ್ದ ಸರ್ವರನ್ನು ನಿಲ್ಲಿಸಿಬಿಡುವುದು ಕೇವಲ ಅವಿವೇಕ.

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಎಂಬ ಎಂಜಿನಿಯರುಗಳು, ಯಂತ್ರ ಎದ್ದಾಗ ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯನ್ನು ಹೊರತಂದರು. ಅಲ್ಲಿಯವರೆಗೆ ಲಿನಕ್ಸ್ ಹೆಚ್ಚಾಗಿ ಬಳಸುತ್ತಿದ್ದದ್ದು ಎಂಬತ್ತರ ದಶಕದ ಯುನಿಕ್ಸ್ ಸಿಸ್ಟಮ್-5ರಿಂದ ಬಂದ ಪದ್ಧತಿ. ಪ್ರತಿ ಸರ್ವಿಸ್‌ಗೂ ಒಂದು ಸ್ಕ್ರಿಪ್ಟ್, ಒಂದಾದ ಮೇಲೊಂದು ಓಟ. 2011ರಲ್ಲಿ ಫೆಡೋರ, 2014ರಲ್ಲಿ ರೆಡ್‌ಹ್ಯಾಟ್, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಸಿಸ್ಟಮ್‌ಡಿಗೆ ಬಂದವು. ಈ ಬದಲಾವಣೆಗೆ ಡೆಬಿಯನ್ ಬಳಗದಲ್ಲಿ ದೊಡ್ಡ ಜಗಳವೇ ಆಯಿತು; ಒಪ್ಪದವರು ಡೆವುಆನ್ ಎಂದು ಬೇರೆ ಮನೆ ಮಾಡಿದರು. ಆ ವಾದಕ್ಕೆ ನಾನು ಹೋಗುವುದಿಲ್ಲ. ಸಣ್ಣ ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವವರಿಗೆ ಇದರಿಂದ ಅನುಕೂಲವೇ ಆಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ವಿಸ್ ಹುಟ್ಟಿಸಿದ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸಿಸ್ಟಮ್‌ಡಿ ಕರ್ನಲ್‌ನ ಸಿ-ಗ್ರೂಪ್ ಮೂಲಕ ಒಂದೇ ಗುಂಪಿನಲ್ಲಿ ಇಟ್ಟುಕೊಳ್ಳುತ್ತದೆ. ಪಿಐಡಿ ಫೈಲನ್ನು ನಂಬಿ ಕೂರಬೇಕಾದ ಅಗತ್ಯ ಬಹುಪಾಲು ಸರ್ವಿಸ್‌ಗಳಿಗೆ ಇಲ್ಲವಾಯಿತು. ಐವತ್ತು ಸಾಲಿನ ಸ್ಕ್ರಿಪ್ಟ್ ಇದ್ದ ಕಡೆ ಹತ್ತು ಸಾಲಿನ ಯೂನಿಟ್ ಫೈಲ್ ಸಾಕು.

ಆದರೆ ಆ ಹತ್ತು ಸಾಲನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸಿದರೆ ಮೈಸೂರಿನ ಮಳೆಗಾಲಕ್ಕೆ ಅದು ನಿಲ್ಲುವುದಿಲ್ಲ. ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಎಂದು ಬರೆದರೆ ಸರ್ವಿಸ್ ಬಿದ್ದಾಗ ಸಿಸ್ಟಮ್‌ಡಿ ತಾನೇ ಎಬ್ಬಿಸುತ್ತದೆ, ನಿಜ. ಬೇರೇನೂ ಹೇಳದಿದ್ದರೆ ಅದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವಷ್ಟೇ ಕಾದು ಮತ್ತೆ ಎಬ್ಬಿಸುತ್ತದೆ. ಹತ್ತು ಸೆಕೆಂಡಿನೊಳಗೆ ಐದು ಸಲ ಶುರುಮಾಡಿಯೂ ಬೀಳುತ್ತಲೇ ಇದ್ದರೆ ‘ಇನ್ನು ಸಾಧ್ಯವಿಲ್ಲ’ ಎಂದು ಕೈಬಿಡುತ್ತದೆ. ಕರೆಂಟ್ ಹಠಾತ್ತನೆ ಹೋಗಿದ್ದ ಡೇಟಾಬೇಸ್ ಎದ್ದ ಕೂಡಲೇ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಲಾಗ್ ನೋಡಿ ಸರಿಪಡಿಸಿಕೊಳ್ಳುತ್ತದೆ; ಅದಕ್ಕೆ ಅರ್ಧ ನಿಮಿಷವೂ ಹಿಡಿಯಬಹುದು, ಐದು ನಿಮಿಷವೂ ಹಿಡಿಯಬಹುದು. ಅದು ಬಾಗಿಲು ತೆರೆಯುವಷ್ಟರಲ್ಲಿ ಅಪ್ಲಿಕೇಶನ್ ಐದು ಸಲ ಬಿದ್ದು, ಸಿಸ್ಟಮ್‌ಡಿ ಕೈಬಿಟ್ಟು ಬಹಳ ಹೊತ್ತಾಗಿರುತ್ತದೆ. ಮಂಡ್ಯ, ಮೈಸೂರು ಕಡೆಯ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತ್ರೀ-ಫೇಸ್ ಕರೆಂಟ್ ಬಂದ ಕ್ಷಣಕ್ಕೇ ಮೋಟಾರ್ ಎಳೆದುಕೊಳ್ಳದಂತೆ ಆಟೋ ಸ್ಟಾರ್ಟರ್‌ಗೆ ಒಂದಷ್ಟು ಹೊತ್ತಿನ ಟೈಮರ್ ಇಟ್ಟಿರುತ್ತಾರೆ. ಸರ್ವರ್‌ಗೂ ಅದೇ ಬೇಕಾದದ್ದು. ಮರುಪ್ರಯತ್ನದ ನಡುವೆ ಹತ್ತು ಹದಿನೈದು ಸೆಕೆಂಡ್ ಅಂತರ, ಪ್ರಯತ್ನದ ಮಿತಿ ತೆಗೆದುಹಾಕುವ ಇನ್ನೊಂದು ಸಾಲು. ಎರಡೇ ಎರಡು ಸಾಲು. ಬೆಳಗಿನ ಅದೆಷ್ಟೋ ಫೋನ್ ಕರೆಗಳು ತಪ್ಪುತ್ತವೆ.

ಸರದಿಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ಯೂನಿಟ್ ಫೈಲಿನಲ್ಲಿ ‘ಆಫ್ಟರ್’ ಎಂದು ಡೇಟಾಬೇಸಿನ ಹೆಸರು ಬರೆದರೆ ಎರಡನ್ನೂ ಎಬ್ಬಿಸುವಾಗ ಇದು ಆಮೇಲೆ ಎಂದಷ್ಟೇ ಅರ್ಥ. ಡೇಟಾಬೇಸ್ ಬೇಕೇ ಬೇಕು ಎನ್ನಲು ‘ರಿಕ್ವೈರ್ಸ್’ ಎಂಬ ಬೇರೆ ಸಾಲಿದೆ. ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದರೆ ಎರಡರಿಂದಲೂ ಪ್ರಯೋಜನವಿಲ್ಲ. ಅಪ್ಲಿಕೇಶನ್‌ಗೆ ತಾನೇ ಕಾಯುವುದು ಗೊತ್ತಿರಬೇಕು. ಇನ್ನು ನೆಟ್‌ವರ್ಕ್. ಇಡೀ ಕಟ್ಟಡಕ್ಕೆ ಒಟ್ಟಿಗೆ ಕರೆಂಟ್ ಬಂದಾಗ ನೆಟ್‌ವರ್ಕ್ ಸ್ವಿಚ್ ಏಳುವುದಕ್ಕೆ ಸರ್ವರ್‌ಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದುಂಟು. ಆ ಹೊತ್ತಿಗೆ ಸರ್ವರ್ ಎದ್ದು, ಸುತ್ತ ಯಾರೂ ಇಲ್ಲವೆಂದು ತಿಳಿದು, ಹಂಚಿಕೆಯ ಡಿಸ್ಕ್ ಸಿಗದೆ ಮುಗ್ಗರಿಸಿರುತ್ತದೆ. ಹಳೆಯ ಯಂತ್ರವಾಗಿದ್ದು ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತಿದ್ದರೆ ಗಡಿಯಾರವೂ ಹಿಂದಕ್ಕೆ ಹೋಗಿರುತ್ತದೆ. ಆಗ ಟಿಕ್ ಫೈಲಿನ ಸಮಯ ಭವಿಷ್ಯದ್ದಾಗಿ ಕಾಣುತ್ತದೆ, ‘ಹಳತಾಗಿದೆಯೇ’ ಎಂಬ ಪರೀಕ್ಷೆಯೇ ಕೆಡುತ್ತದೆ. ಕೆಲವೇ ರೂಪಾಯಿಯ ನಾಣ್ಯದಾಕಾರದ ಬ್ಯಾಟರಿ ಬದಲಿಸಿದರೆ ಇದು ಮುಗಿಯುತ್ತದೆ.

ಲಾಗ್ ಬಗ್ಗೆಯೂ ಹೇಳಲೇಬೇಕು. ಸಿಸ್ಟಮ್‌ಡಿಯ ಜರ್ನಲ್ ಎಲ್ಲವನ್ನೂ ಬರೆದಿಡುತ್ತದೆ. ಆದರೆ ‘ವಾರ್-ಲಾಗ್’ ಕೋಶದಲ್ಲಿ ‘ಜರ್ನಲ್’ ಎಂಬ ಹೆಸರಿನ ಕೋಶವಿಲ್ಲದ ಯಂತ್ರಗಳಲ್ಲಿ ಅದು ಬರೆಯುವುದು ಮೆಮೊರಿಯಲ್ಲಿ. ಕರೆಂಟ್ ಹೋದೊಡನೆ ಸಾಕ್ಷಿಯೂ ಹೋಯಿತು. ಏನಾಯಿತೆಂದು ಮರುದಿನ ತಿಳಿಯಲು ಜರ್ನಲ್‌ನಲ್ಲಿ ಏನೂ ಉಳಿದಿರುವುದಿಲ್ಲ. ಆ ಕೋಶವನ್ನು ಒಮ್ಮೆ ಸೃಷ್ಟಿಸಿಟ್ಟರೆ ಹಿಂದಿನ ಬೂಟಿನ ಕತೆ ಓದಲು ಸಿಗುತ್ತದೆ.

ಇಷ್ಟೆಲ್ಲ ವಿವರದ ಕೆಳಗೆ ನನಗೆ ಮುಖ್ಯವಾಗಿ ಕಾಣುವುದು ಒಂದೇ: ಸ್ಕ್ರಿಪ್ಟ್ ನಿಜ ಹೇಳುತ್ತದೆಯೇ? ಸ್ಟಾರ್ಟ್ ಮಾಡುವುದು ಸುಲಭ. ಸ್ಟಾರ್ಟ್ ಆಯಿತು ಎಂದು ತಿಳಿದು ಹೇಳುವುದು ಕಷ್ಟ. ಎಷ್ಟೋ ಸ್ಕ್ರಿಪ್ಟ್‌ಗಳು ಪ್ರೋಗ್ರಾಮನ್ನು ಹಿನ್ನೆಲೆಗೆ ತಳ್ಳಿ, ಅದರ ಗತಿ ನೋಡದೆ, ಹಸಿರು ಅಕ್ಷರದಲ್ಲಿ ‘ಓಕೆ’ ಎಂದು ಬರೆದು ಸೊನ್ನೆಯನ್ನು ಹಿಂದಿರುಗಿಸುತ್ತವೆ. ಸೊನ್ನೆ ಎಂದರೆ ಎಲ್ಲ ಸರಿ ಎಂಬ ಸಂಕೇತ. ಹಳೆಯ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ನಿಯಮಾವಳಿಯಲ್ಲಿ ಸ್ಥಿತಿ ಕೇಳಿದಾಗ ಏನು ಉತ್ತರಿಸಬೇಕೆಂದು ಸ್ಪಷ್ಟವಾಗಿ ಬರೆದಿತ್ತು: ಓಡುತ್ತಿದ್ದರೆ 0, ಸತ್ತಿದ್ದು ಪಿಐಡಿ ಫೈಲ್ ಉಳಿದಿದ್ದರೆ 1, ಸತ್ತಿದ್ದು ಬೀಗದ ಫೈಲ್ ಉಳಿದಿದ್ದರೆ 2, ಓಡುತ್ತಲೇ ಇಲ್ಲದಿದ್ದರೆ 3. ನಾವು ಮೇಲೆ ನೋಡಿದ ಹಳೆಯ ಚೀಟಿಯ ತೊಂದರೆಗೆಂದೇ ಒಂದು ಸಂಖ್ಯೆ ಮೀಸಲಿಟ್ಟಿದ್ದರು! ಪಾಲಿಸಿದವರು ಕಡಿಮೆ.

ಸಿಸ್ಟಮ್‌ಡಿಯೂ ಈ ವಿಷಯದಲ್ಲಿ ನಾವು ಹೇಳಿದಂತೆ ಕೇಳುತ್ತದೆ. ಸರ್ವಿಸ್‌ನ ಬಗೆಯನ್ನು ‘ಸಿಂಪಲ್’ ಎಂದು ಬಿಟ್ಟರೆ ಪ್ರೋಗ್ರಾಮ್ ಹುಟ್ಟಿದ ಕೂಡಲೇ ‘ಶುರುವಾಯಿತು’ ಎಂದು ಲೆಕ್ಕ. ‘ನೋಟಿಫೈ’ ಎಂದು ಬರೆದು, ಅಪ್ಲಿಕೇಶನ್ ತಾನು ನಿಜವಾಗಿ ಸಿದ್ಧವಾದಾಗ ಸುದ್ದಿ ಕಳಿಸುವಂತೆ ಮಾಡಿದರೆ ಮಾತ್ರ ಆ ಮಾತಿಗೆ ಬೆಲೆ. ಅದು ಆಗದಿದ್ದರೆ ಸ್ಟಾರ್ಟ್ ಆದ ಮೇಲೆ ಬಳಕೆದಾರ ಏನು ಮಾಡುತ್ತಾನೋ ಅದನ್ನೇ ಸ್ಕ್ರಿಪ್ಟ್ ಮಾಡಿ ನೋಡಬೇಕು. ಭಂಡಾರವಾದರೆ ಒಂದು ಪದ ಹುಡುಕಿ ಉತ್ತರ ಬಂತೇ ಎಂದು ನೋಡುವುದು. ಬಿಲ್ಲಿಂಗ್ ಆದರೆ ಒಂದು ಪರೀಕ್ಷಾ ಬಿಲ್ ತೆರೆಯುವುದು. ‘ಸ್ಲೀಪ್ 30’ ಎಂದು ಬರೆದು ಕಣ್ಣುಮುಚ್ಚಿ ಕಾಯುವುದಕ್ಕೆ ಬದಲಾಗಿ, ಎರಡು ಸೆಕೆಂಡಿಗೊಮ್ಮೆ ಕೇಳಿ, ಎರಡು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಸೋತೆನೆಂದು ಒಪ್ಪಿಕೊಳ್ಳುವ ಸ್ಕ್ರಿಪ್ಟ್ ಪ್ರಾಮಾಣಿಕವಾದದ್ದು.

ಸೋತಾಗ ಯಾರಿಗೆ ಹೇಳಬೇಕು? ಮೈಸೂರಿನ ಅನೇಕ ಸಂಸ್ಥೆಗಳಲ್ಲಿ ರಾತ್ರಿ ಇರುವವರು ಕಾವಲುಗಾರರು, ಬೆಳಿಗ್ಗೆ ಮೊದಲು ಬರುವವರು ಅಟೆಂಡರ್. ದಸರಾ ರಜೆಯಲ್ಲಂತೂ ಲ್ಯಾಬ್‌ನವರು ಊರಲ್ಲೇ ಇರುವುದಿಲ್ಲ. ಸಂದೇಶ ಕನ್ನಡದಲ್ಲಿದ್ದರೆ ಅವರೇ ಓದಿ ಫೋನ್ ಮಾಡಬಲ್ಲರು. ಸರ್ವರ್‌ನ ಕಪ್ಪು ಕನ್ಸೋಲ್ ಪರದೆ ಇದಕ್ಕೆ ಆಗುವುದಿಲ್ಲ. ಅದು ಒಂದು ಸಲಕ್ಕೆ ಇಟ್ಟುಕೊಳ್ಳುವುದು ಹೆಚ್ಚೆಂದರೆ 512 ಅಕ್ಷರರೂಪ, ಒತ್ತಕ್ಷರ ಕೂಡಿಸುವ ಶಕ್ತಿಯೂ ಅದಕ್ಕಿಲ್ಲ. ಕನ್ನಡ ಬರೆದರೆ ಬರಿಯ ಚೌಕಗಳು ಕಾಣುತ್ತವೆ. ಆದರೆ ಮೊಬೈಲಿಗೆ ಕಳಿಸುವ ಸಂದೇಶದಲ್ಲಿ ಕನ್ನಡ ಸಲೀಸು. ‘ಹುಡುಕಾಟದ ಸರ್ವಿಸ್ ಎದ್ದಿಲ್ಲ. ಯಂತ್ರ ಆಫ್ ಮಾಡಬೇಡಿ. ಲ್ಯಾಬ್‌ನವರಿಗೆ ತಿಳಿಸಿ’ ಎಂಬ ಮೂರು ವಾಕ್ಯ ಸ್ಕ್ರಿಪ್ಟಿನಿಂದ ಹೋಗಬೇಕು. ಇದೇ ಮಾತುಗಳ ಒಂದು ಹಾಳೆ ಯಂತ್ರದ ಪಕ್ಕದ ಗೋಡೆಗೂ ಅಂಟಿರಬೇಕು.

ಯುಪಿಎಸ್ ಇದೆಯಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ. ಯುಪಿಎಸ್ ಬ್ಯಾಟರಿ ಇಳಿಯುತ್ತಿರುವುದನ್ನು ಸರ್ವರ್‌ಗೆ ತಿಳಿಸುವ ಕೇಬಲ್ ಜೋಡಿಸಿ, ಅದನ್ನು ಕೇಳಿಸಿಕೊಳ್ಳುವ ನಟ್ ಅಥವಾ ಎಪಿಸಿ-ಯುಪಿಎಸ್‌ಡಿ ತಂತ್ರಾಂಶ ಹಾಕದಿದ್ದರೆ, ಯುಪಿಎಸ್ ಮಾಡುವುದು ಕತ್ತಲನ್ನು ಸ್ವಲ್ಪ ಹೊತ್ತು ಮುಂದೂಡುವುದನ್ನಷ್ಟೆ. ಸಿಸ್ಟಮ್‌ಡಿ ನಿಲ್ಲದ ಸರ್ವಿಸ್‌ಗೆ ಸಾಮಾನ್ಯವಾಗಿ 90 ಸೆಕೆಂಡ್ ಕೊಡುತ್ತದೆ. ಹಳೆಯ ಬ್ಯಾಟರಿಯ ಕೊನೆಯ ನಿಮಿಷಗಳಲ್ಲಿ ಅಷ್ಟು ಸಮಯ ಇದೆಯೇ ಎಂದು ಲೆಕ್ಕ ಹಾಕಿ ಇಟ್ಟಿರಬೇಕು. ಕರೆಂಟ್ ಬಂದಾಗ ಯಂತ್ರ ತಾನಾಗಿ ಆನ್ ಆಗುವ ಆಯ್ಕೆ ಬಯಾಸ್‌ನಲ್ಲಿದೆ. ಅದನ್ನು ಹಾಕದಿದ್ದರೆ ಮೇಲಿನ ಯಾವ ಸ್ಕ್ರಿಪ್ಟಿಗೂ ಓಡುವ ಅವಕಾಶವೇ ಇಲ್ಲ.

ಸರ್ವರ್ ನೋಡಿಕೊಳ್ಳುವ ಗೆಳೆಯರಲ್ಲಿ ಕೆಲವರು ‘ನಮ್ಮದು ಎರಡು ವರ್ಷದಿಂದ ಒಮ್ಮೆಯೂ ನಿಂತಿಲ್ಲ’ ಎಂದು ಹೆಮ್ಮೆಪಡುತ್ತಾರೆ. ಆ ಎರಡು ವರ್ಷದಲ್ಲಿ ಕೈಯಿಂದ ಶುರುಮಾಡಿದ ಸರ್ವಿಸ್‌ಗಳೆಷ್ಟು, ಬದಲಿಸಿ ಮರೆತ ಸಂರಚನೆಗಳೆಷ್ಟು, ಅವುಗಳಲ್ಲಿ ಬೂಟ್ ಆದಾಗ ತಾನಾಗಿ ಏಳುವವು ಎಷ್ಟು ಎಂಬುದು ಅವರಿಗೂ ಗೊತ್ತಿಲ್ಲ. ಅದನ್ನು ತಿಳಿಯುವ ದಾರಿ ಒಂದೇ. ಮಳೆ ಶುರುವಾಗುವ ಮೊದಲು, ಯಾರಿಗೂ ತುರ್ತಿಲ್ಲದ ಒಂದು ಶನಿವಾರ ಮಧ್ಯಾಹ್ನ, ಎಲ್ಲರಿಗೂ ತಿಳಿಸಿ, ಬ್ಯಾಕಪ್ ತೆಗೆದುಕೊಂಡು, ಸರ್ವರನ್ನು ನೀವೇ ಆಫ್ ಮಾಡಿ ಆನ್ ಮಾಡಿ. ಕೀಬೋರ್ಡ್ ಮುಟ್ಟಬೇಡಿ. ಐದು ನಿಮಿಷ ಬಿಟ್ಟು ಪಕ್ಕದ ಕೋಣೆಯ ಕಂಪ್ಯೂಟರಿನಿಂದ ಸಾಮಾನ್ಯ ಬಳಕೆದಾರನಂತೆ ಒಂದು ಕೆಲಸ ಮಾಡಿ ನೋಡಿ. ಅದು ಆಗಲು ನೀವು ಯಾವುದೇ ಆಜ್ಞೆಯನ್ನು ಕೈಯಿಂದ ಟೈಪ್ ಮಾಡಬೇಕಾಗಿ ಬಂದರೆ, ಅಂದು ಮನೆಗೆ ಹೋಗುವ ಮುನ್ನ ಆ ಆಜ್ಞೆಯನ್ನು ಯೂನಿಟ್ ಫೈಲಿಗೆ ಸೇರಿಸಿ, ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿ.